‘ವಿಟ್’ ಶಬ್ದದ ಅರ್ಥವಿಚಾರ

ಇಂಗ್ಲಿಷು ಸಾಹಿತ್ಯವನ್ನು ಬೋಧಿಸುವವರಿಗೂ ಅದನ್ನು ಕನ್ನಡಕ್ಕೆ ತರುವವರಿಗೂ ಕಠಿನ ಶಬ್ದಗಳಿಂದ ಒದಗುವ ತೊಡಕು ಅಲ್ಪ. ಪರಿಚಿತ ಶಬ್ದಗಳಿಂದ ಒದಗುವುದೇ ಹೆಚ್ಚು. ಕಠಿನವಾದುದು ಎದುರಾದಾಗ ನಾವು ನಿಘಂಟನ್ನು ತೆರೆಯುತ್ತೇವೆ. ಪರಿಚಿತವಾದುದನ್ನು ತಿಳಿದೇ ಇದೆಯೆಂದು ದಾಟಿಬಿಡುತ್ತೇವೆ. ‘ವಿಟ್’ ಎಂಬುದು ಅಂತಹ ಶಬ್ದಗಳಲ್ಲೊಂದು. ಈಗಿನ ಬಳಕೆಯಲ್ಲಿ ಚುರುಕಾದ ನಗೆಮಾತು, ಅಂತಹ ಮಾತನ್ನಾಡುವ ಶಕ್ತಿ ಎಂಬುದೇ ಅದರ ಮುಖ್ಯಾರ್ಥ. ಇದೊಂದನ್ನೇ ಹಿಡಿದು ಹಿಂದಿನ ಶತಮಾನಗಳ ಗ್ರಂಥಗಳನ್ನು ಓದಿದರೆ ಕವಿಗಳ ಅಭಿಪ್ರಾಯ ಹಲವೆಡೆ ತಲೆಕೆಳಗಾಗುವುದು. ಈ ಶಬ್ದದ ಚರಿತ್ರೆಯಿಂದ ವಿಮರ್ಶಕನಿಗೆ ಆಗುವ ಪ್ರಯೋಜನವೇನು, ಆ ಪ್ರಯೋಜನಕ್ಕೆ ಮಿತಿ ಯಾವುದು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಪ್ರಾಚೀನ ಇಂಗ್ಲಿಷಿನಲ್ಲಿ ‘ವಿಟ್’ ಎಂದರೆ ಮನಸ್ಸು, ಅರಿವು. ‘ತಿಳಿ’ ಎಂಬರ್ಥದ ‘ವಿಟನ್’ ಎಂಬ ಕ್ರಿಯಾಪದ ಅದರ ಒಡಹುಟ್ಟು. ಸಂಸ್ಕೃತದ ‘ವಿದ್’ ಧಾತು, ಲ್ಯಾಟಿನ್ನಿನ ‘ವಿಡೇರೆ’, ಗ್ರೀಕಿನ ‘ಓಯ್ಡ’, ಜರ್ಮನಿನ ‘ವಿಸ್ಸೆನ್’ ಇವೆಲ್ಲವೂ ಒಂದೇ ಮೂಲದಿಂದ ಬಂದವು. ಆ ಮೂಲದ ಅರ್ಥ ‘ನೋಡು’. ನೋಡಿದವನು ಬಲ್ಲನಾದುದರಿಂದ ‘ತಿಳಿ’ ಎಂಬ ಅರ್ಥ ಪ್ರಾಪ್ತವಾಯಿತು. ‘ಬಲ್ಲೆನು’ ಎಂಬರ್ಥದ ಸಂಸ್ಕೃತದ ‘ವೇದ’ ಎಂಬ ಕ್ರಿಯಾರೂಪವೂ ಗ್ರೀಕಿನ ‘ಓಯ್ಡ’ವೂ ರಚನೆಯಲ್ಲಿ ಪೂರ್ಣಭೂತದವು, ಅರ್ಥದಲ್ಲಿ ವರ್ತಮಾನದವು. ‘ವಿಟ್‌ನೆಸ್’ ಎಂಬುದು ಮೊದಲು ಅರಿವು, ಬಳಿಕ ಅರಿತುದನ್ನು ಹೇಳುವಿಕೆ, ಅನಂತರ ಹೇಳುವ ವ್ಯಕ್ತಿ. ನಮ್ಮ ‘ಸಾಕ್ಷಿ’ ಕಣ್ಣಿನಿಂದ ಹೊರಟು ಅಲ್ಲಿಗೇ ಬಂದು ಸೇರಿದೆ.

ಮುಂದೆ ಈ ಶಬ್ದ ಮನಸ್ಸಿನ ಬೇರೆ ಬೇರೆ ಶಕ್ತಿಗಳಿಗೂ ಹೆಸರಾಯಿತು. ಸಾಮಾನ್ಯಬುದ್ಧಿ, ಬಿಂಬಗ್ರಹಣ, ಕಲ್ಪನೆ, ಅಂದಾಜು, ಸ್ಮೃತಿ ಎಂದು ಐದು ‘ವಿಟ್’ಗಳನ್ನು ಎಣಿಸುತ್ತಿದ್ದರು. ಷೇಕ್ಸ್‌ಪಿಯರನು ತನ್ನ 141ನೆಯ ಸಾನೆಟ್ಟಿನಲ್ಲಿ ಇವನ್ನು ಪಂಚೇಂದ್ರಿಯಗಳಿಂದ ಬೇರ್ಪಡಿಸಿ ಹೇಳಿದ್ದಾನೆ. ‘ಹ್ಯಾಮ್ಲೆಟ್’ ನಾಟಕದಲ್ಲಿ ಪೊಲೋನಿಯಸನು ಮಿತಭಾಷಣವನ್ನು ಹೊಗಳುವಾಗ ಬರುವ ‘ವಿಟ್’ ಸಹ ವಿವೇಕವೇ ಹೊರತು ಹಾಸ್ಯವಲ್ಲ. ಹಾಸ್ಯಕ್ಕೆ ಸಂಕ್ಷೇಪ ಬೇಕೆಂಬ ಉಪದೇಶವಾಗಿ ಈ ಮಾತನ್ನು ಉದ್ಧರಿಸುವ ವಾಡಿಕೆ ಈಗಿನ ಅರ್ಥವನ್ನು ಅಂದಿನ ಮಾತಿಗೆ ಹೊದಿಸಿದುದರ ಫಲ.

ಹದಿನೇಳನೆಯ ಶತಮಾನದಲ್ಲಿ ಈ ಶಬ್ದ ಕಾವ್ಯಮೀಮಾಂಸೆಯ ಕೇಂದ್ರಕ್ಕೆ ಬಂದಿತು. ಹಾಬ್ಸನು 1651ರಲ್ಲಿ ಕಲ್ಪನೆಯ ವೇಗ, ಗುರಿಯ ಸ್ಥೈರ್ಯ ಎರಡನ್ನೂ ಇದರಲ್ಲಿ ಸೇರಿಸಿದನು. ಕೌಲಿ ಕವಿ ಇದರ ಮೇಲೆಯೇ ಒಂದು ಪ್ರಗಾಥವನ್ನು ರಚಿಸಿ, ಬಹುಮಟ್ಟಿಗೆ ‘ಇದಲ್ಲ, ಇದಲ್ಲ’ ಎಂಬ ಮಾರ್ಗದಿಂದಲೇ ಅದನ್ನು ನಿರೂಪಿಸಿದನು. ಡ್ರೈಡನನು 1677ರಲ್ಲಿ ಭಾವ ಶಬ್ದಗಳ ಔಚಿತ್ಯವೇ ‘ವಿಟ್’ ಎಂದನು. ಹಾಗಾದರೆ ರೇಖಾಗಣಿತದ ಯೂಕ್ಲಿಡನೇ ಅದರಲ್ಲಿ ಅಗ್ರಗಣ್ಯನಾಗಬೇಕಾದೀತೆಂದು 1711ರಲ್ಲಿ ಅಡಿಸನನು ಪರಿಹಾಸಮಾಡಿದನು. ಸಾದೃಶ್ಯವುಳ್ಳ ಭಾವನೆಗಳನ್ನು ಥಟ್ಟನೆ ಕೂಡಿಸುವುದು ‘ವಿಟ್’, ಭೇದವನ್ನರಿತು ಬಿಡಿಸುವುದು ವಿವೇಚನೆ ಎಂಬ ಲಾಕನ ವಿಭಾಗವನ್ನು ಆತನು ಒಪ್ಪಿ, ಆನಂದವೂ ವಿಸ್ಮಯವೂ ಕೂಡಬೇಕೆಂದು ತಿದ್ದಿದನು. ನಗೆಮಾತಿನ ಅರ್ಥಕ್ಕೆ ಬಾಗಿಲು ತೆರೆದುದು ಇಂತಹ ವಿಸ್ಮಯಪ್ರಿಯತೆಯಿಂದಲೇ ಎಂದು ತೋರುತ್ತದೆ. ಅದೇ 1711ರಲ್ಲಿ ಪ್ರಕಟವಾದ ಪೋಪ್ ಕವಿಯ ವಿಮರ್ಶಾಕಾವ್ಯದಲ್ಲಿ ಈ ಅರ್ಥಗಳೆಲ್ಲ ಒಂದೇ ಛಾವಣಿಯ ಕೆಳಗೆ ಕೂಡಿವೆ. ಪೋಪನು ‘ವಿಟ್’ಅನ್ನು ಭಾವದ ಬಲದಿಂದ ಮಾತಿನ ಸೊಗಸಿಗೆ ಇಳಿಸಿದನೆಂದು ಡಾಕ್ಟರ್ ಜಾನ್ಸನನು ಮುಂದೆ ಆಕ್ಷೇಪಿಸಿದನು.

ಆಧುನಿಕ ವಿಮರ್ಶಕರಲ್ಲಿ ಇಬ್ಬರ ಮತ ಇಲ್ಲಿ ಗಮನಾರ್ಹ. 1951ರಲ್ಲಿ ಎಂಪ್ಸನನು, ಪೋಪನ ಕಾವ್ಯದಲ್ಲಿ ಎಲ್ಲಿಯೂ ಪರಿಹಾಸದ ನೆರಳು ಈ ಶಬ್ದವನ್ನು ಪೂರ್ಣವಾಗಿ ಬಿಟ್ಟಿಲ್ಲವೆಂದು ವಾದಿಸಿದನು. 1960ರಲ್ಲಿ ಸಿ. ಎಸ್. ಲೂಯಿಸನು, ನಮ್ಮ ಕಾಲದಲ್ಲಿ ಪ್ರಬಲವಾದ ಅರ್ಥವೇ ಹಳೆಯ ಗ್ರಂಥಗಳ ಓದಿನಲ್ಲಿ ಅಪಾಯಕರವಾದುದೆಂದು ಎಚ್ಚರಿಸಿದನು. ಇವರಲ್ಲಿ ಯಾರನ್ನು ಅನುಸರಿಸಬೇಕು? ಒಂದು ಸ್ಥಳವನ್ನು ಪರೀಕ್ಷಿಸೋಣ. ದೈವವು ಹೇರಳವಾಗಿ ‘ವಿಟ್’ ಕೊಟ್ಟಿದ್ದರೂ ಅದನ್ನು ನಡಸಲು ಇನ್ನೂ ಅಷ್ಟೇ ‘ವಿಟ್’ ಬೇಕಾದವರು ಕೆಲವರಿದ್ದಾರೆಂದು ಪೋಪನ ಅಭಿಪ್ರಾಯ. ಮೊದಲನೆಯದು ಉದ್ಭಾವನೆಯ ಶಕ್ತಿ, ಎರಡನೆಯದು ವಿವೇಚನೆ. ನಗೆಮಾತಿನ ಅರ್ಥ ಇಲ್ಲಿ ನಿಲ್ಲಲಾರದು. ಆದುದರಿಂದ ಲೂಯಿಸನ ಎಚ್ಚರಿಕೆ ಅವಶ್ಯಕ. ಆದರೆ ಆ ಪಂಕ್ತಿಗಳು ಓದುವವನ ಮುಖದಲ್ಲಿ ಕಿರುನಗೆಯನ್ನು ತರಿಸುತ್ತವೆ. ತರಿಸುವುದು ಒಂದೇ ಶಬ್ದ ಎರಡರ್ಥದಲ್ಲಿ ಹೊರಳುವುದರಿಂದ. ಆದುದರಿಂದ ಎಂಪ್ಸನನ ಮಾತಿನಲ್ಲಿಯೂ ಸತ್ಯಾಂಶವುಂಟು, ಪರಿಹಾಸವಿರುವುದು ಶಬ್ದಾರ್ಥದಲ್ಲಲ್ಲ, ಪ್ರಯೋಗದಲ್ಲಿ ಎಂದು ಅದನ್ನು ತಿದ್ದಿಕೊಂಡರೆ.

ಕನ್ನಡಕ್ಕೆ ತರುವಾಗ ಈ ವಿವೇಚನೆಯ ಪ್ರಯೋಜನ ಗೊತ್ತಾಗುವುದು. ಮೊದಲನೆಯದಕ್ಕೆ ‘ಪ್ರತಿಭೆ’, ಎರಡನೆಯದಕ್ಕೆ ‘ವಿವೇಕ’ ಎಂದಿಟ್ಟರೆ ಅರ್ಥ ಸ್ಪಷ್ಟವಾಗುತ್ತದೆ, ಸ್ವಾರಸ್ಯ ಹೋಗುತ್ತದೆ. ಎರಡು ಕಡೆಯಲ್ಲೂ ‘ಚಾತುರ್ಯ’ವೆಂದರೆ ಎರಡೂ ಹೋಗುತ್ತವೆ. ‘ಬುದ್ಧಿಯನ್ನು ನಡಸಲೂ ಬುದ್ಧಿ ಬೇಕು’ ಎಂದರೆ ಬಹುಮಟ್ಟಿಗೆ ಎರಡೂ ಉಳಿಯುತ್ತವೆ. ಏಕೆಂದರೆ ಕನ್ನಡದ ‘ಬುದ್ಧಿ’ಯೂ ಬಹುರೂಪಿ: ಗ್ರಹಣಶಕ್ತಿ, ವಿವೇಕ, ಹಿತೋಪದೇಶ, ಸ್ವಭಾವ ಇಷ್ಟೂ ಅದರಲ್ಲಿ ಅಡಗಿವೆ. ಆದರೆ ಅಡಿಸನನ ‘ವಿಟ್’ಗೆ ಅದು ಸಲ್ಲದು, ಅಲ್ಲಿ ‘ವೈದಗ್ಧ್ಯ’ವೇ ಹತ್ತಿರದ್ದು.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ‘ವಿಟ್’ ‘ವಿದ್’ಗಳ ನಂಟನ್ನು ಕಂಡು, ‘ವೈದಗ್ಧ್ಯ’, ‘ವಿದೂಷಕ’ ಎಂಬಲ್ಲಿಯೂ ಅದೇ ಧಾತುವನ್ನು ಹುಡುಕುವ ಆಶೆ ಹುಟ್ಟಬಹುದು. ಅದು ಸಲ್ಲದು. ‘ವಿದಗ್ಧ’ ಸುಡುವ ಅರ್ಥದ ‘ದಹ್’ ಧಾತುವಿನಿಂದ ಬಂದುದು. ‘ವಿದೂಷಕ’ ಕೆಡಿಸುವ, ಹಳಿಯುವ ಅರ್ಥದ ‘ದುಷ್’ ಧಾತುವಿನಿಂದ. ನಿಜವಾದ ನಂಟಿರುವಲ್ಲಿಯೂ ಮೂಲಾರ್ಥವು ಕವಿಯ ವಿವಕ್ಷೆಗೆ ಪ್ರಮಾಣವಲ್ಲ. ಜ್ಞಾನವಾಚಕವಾದ ಧಾತುವಿನಿಂದ ಬಂದಿತೆಂದು ಅಡಿಸನನ ‘ವಿಟ್’ಅನ್ನು ಜ್ಞಾನವೆನ್ನುವುದು, ಇಂದು ನಗೆಮಾತೆಂದು ಪೊಲೋನಿಯಸನದನ್ನು ನಗೆಮಾತೆನ್ನುವಷ್ಟೇ ಅಯುಕ್ತ. ಆದುದರಿಂದ ಬೋಧಕರು ಈ ಶಬ್ದಕ್ಕೆ ಒಂದೇ ಪರ್ಯಾಯವನ್ನು ಬಾಯಿಪಾಠಮಾಡಿಸದೆ, ಪ್ರತಿಯೊಂದು ಸ್ಥಳದಲ್ಲಿಯೂ ಅದು ಯಾವುದಕ್ಕೆ ಪ್ರತಿಯಾಗಿ, ಯಾವುದರ ಜೊತೆಗೆ ಬಂದಿದೆಯೆಂಬುದನ್ನು ವಿದ್ಯಾರ್ಥಿಗಳಿಂದಲೇ ಕೇಳಿ ನಿರ್ಣಯಿಸಿಕೊಳ್ಳುವುದು ಮೇಲು.