ಅಂದಿನ ಸಂಬಳ, ಇಂದಿನ ಮಲತಂದೆ

ಅಮೆರಿಕದ ಕಾಲೇಜು ನೆರವಿನ ಅರ್ಜಿ 'ಫಾಫ್ಸಾ' ಸರಳವಾಯಿತೆಂಬ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ. 2020ರ ಕಾಯ್ದೆಯಂತೆ ರೂಪುಗೊಂಡು 2023ರ ಡಿಸೆಂಬರ್ ಕೊನೆಗೆ ಬಂದ ಹೊಸ ನಮೂನೆಯಲ್ಲಿ ಪ್ರಶ್ನೆಗಳು ಕಡಿಮೆಯಾದದ್ದು ನಿಜ. ಆರಂಭದ ತಾಂತ್ರಿಕ ಎಡವಟ್ಟುಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಅದು ಬಿಡಿ. ನನ್ನ ತಕರಾರಿರುವುದು ಹೆತ್ತವರ ವೈವಾಹಿಕ ಸ್ಥಿತಿಯನ್ನು ಕೇಳುವ ಒಂದೇ ಒಂದು ಪ್ರಶ್ನೆಯ ಮೇಲೆ.

ಅದಕ್ಕೆ ಬೇಕಾದದ್ದು ಅರ್ಜಿ ತುಂಬುವ ದಿನದ ಸ್ಥಿತಿ. ಆದಾಯ ಮಾತ್ರ ಹಳೆಯದು: 2024–25ರ ಅರ್ಜಿಗೆ 2022ರ ತೆರಿಗೆ ಲೆಕ್ಕ. ವಿಚ್ಛೇದಿತ ತಾಯಿಯೊಬ್ಬಳು ಅರ್ಜಿಗೆ ತಿಂಗಳ ಮುಂಚೆ ಮರುಮದುವೆಯಾದಳೆನ್ನಿ. 2022ರಲ್ಲಿ ಆಕೆಯ ಮಗಳ ಮುಖವನ್ನೇ ಕಂಡಿರದ ಗಂಡಸಿನ ಆ ವರ್ಷದ ಸಂಬಳವೂ ಅವಳ ಓದಿನ ಲೆಕ್ಕಕ್ಕೆ ಸೇರುತ್ತದೆ. ಮದುವೆಯಾಗದೆ ಅದೇ ಮನೆಯಲ್ಲಿ ಇದ್ದಿದ್ದರೆ ಅವನ ತೆರಿಗೆ ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ! ನಮ್ಮಲ್ಲಿ 'ಮಲತಾಯಿ ಧೋರಣೆ' ಎಂದರೆ ಕೊಡದಿರುವುದು. ಈ ಅರ್ಜಿಯ ಪ್ರಕಾರ ಮಲತಂದೆ, ಮಲತಾಯಿ ಕೊಟ್ಟೇ ಕೊಡುತ್ತಾರೆ.

ಸಮರ್ಥಕರದು ಒಂದೇ ವಾದ: ಒಲೆ ಒಂದಾದ ಮೇಲೆ ಆದಾಯವೂ ಒಂದೇ. ಕೇಳಲು ಚೆನ್ನಾಗಿದೆ. ಆದರೆ ಆ ಒಲೆಯನ್ನು ಹೊಸ ನಮೂನೆಯೇ ಕೈಬಿಟ್ಟಿದೆಯಲ್ಲ. ಮೊದಲು, ಬೇರೆಯಾದ ಹೆತ್ತವರಲ್ಲಿ ಮಗು ಹೆಚ್ಚು ದಿನ ಯಾರ ಜೊತೆ ಇತ್ತೋ ಅವರ ಲೆಕ್ಕ. ಈಗ ಹಿಂದಿನ 12 ತಿಂಗಳಲ್ಲಿ ಹೆಚ್ಚು ಹಣ ಕೊಟ್ಟವರ ಲೆಕ್ಕ. ಮಗ ವರ್ಷವಿಡೀ ತಾಯಿಯ ಮನೆಯಲ್ಲಿದ್ದು ತಂದೆ ಹೆಚ್ಚು ದುಡ್ಡು ಕಳಿಸಿದರೆ, ಒಂದು ರಾತ್ರಿಯೂ ಅವನಿಗೆ ಅನ್ನ ಬಡಿಸದ ತಂದೆಯ ಹೊಸ ಹೆಂಡತಿಯ ಆದಾಯ ಸೇರಿಕೊಳ್ಳುತ್ತದೆ. ಇಲ್ಲಿ ಯಾವ ಒಲೆ ಒಂದಾಯಿತು?

ಮಲತಂದೆ, ಮಲತಾಯಿಯರನ್ನು ಪೂರ್ತಿ ಬಿಟ್ಟುಬಿಡಿ ಎನ್ನುವವರ ಜೊತೆಗೂ ನಾನಿಲ್ಲ. ಹಾಗಾದರೆ ಸಿರಿವಂತನ ಮನೆಯ ಮಗು ಬಡವರ ಅನುದಾನಕ್ಕೆ ಕೈಯೊಡ್ಡಬಹುದು. ಆದರೆ ಹೊಣೆ ಇರುವ ಕಡೆ ಮಾತ್ರ ಹಣ ಎಣಿಸಬೇಕು. ಅಮೆರಿಕದ ಸಾಮಾನ್ಯ ನ್ಯಾಯಸಂಪ್ರದಾಯದಲ್ಲಿ, ತಾಯಿಯನ್ನು ಮದುವೆಯಾದ ಮಾತ್ರಕ್ಕೆ ಅವಳ ಮಗುವನ್ನು ಸಾಕುವ ಹೊಣೆ ಗಂಡನ ಮೇಲೆ ಬೀಳುವುದಿಲ್ಲ. ಅರ್ಜಿಗೆ ಇದು ಗೊತ್ತೇ ಇಲ್ಲದಂತಿದೆ.

'ನಿನ್ನ ಮಗಳ ಫೀಸು ನನ್ನದಲ್ಲ' ಎಂದು ಮದುವೆಗೆ ಮುಂಚೆಯೇ ಕರಾರು ಬರೆದುಕೊಂಡಿದ್ದರೂ ಲೆಕ್ಕ ಬದಲಾಗದು. ಇನ್ನು, ಪ್ರತ್ಯೇಕವಾಗಿ ತೆರಿಗೆ ಸಲ್ಲಿಸಿದ ಮಲತಂದೆ ಒಪ್ಪಿಗೆಯ ಸಹಿ ಹಾಕದಿದ್ದರೆ ಹುಡುಗಿಗೆ ಬಡವರಿಗೆಂದೇ ಇರುವ ಆ ಪೆಲ್ ಅನುದಾನವೇ ಇಲ್ಲ. 2024–25ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್.