ಇಳಿಯುವ ಕ್ಷಣದ ಆಟ

ಸ್ಕೇಟ್‌ಬೋರ್ಡ್ ಗೇಮ್ ಎಂದರೆ ಟೋನಿ ಹಾಕ್ ಎಂದೇ ನಂಬಿ ಬೆಳೆದ ತಲೆಮಾರು ನಮ್ಮದು. 1999ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ಟೋನಿ ಹಾಕ್ಸ್ ಪ್ರೊ ಸ್ಕೇಟರ್’ನಲ್ಲಿ ಕೈಗೆ ಸಿಗುವುದು ಎರಡು ನಿಮಿಷ. ಅಷ್ಟರೊಳಗೆ ಎಷ್ಟು ಎತ್ತರ ಹಾರಿದಿರಿ, ಹಲಗೆಯನ್ನು ಎಷ್ಟು ಬಗೆಯಲ್ಲಿ ತಿರುಗಿಸಿದಿರಿ ಎಂಬುದೇ ಲೆಕ್ಕ. ಇಳಿಯುವುದಕ್ಕೆ ಹಲಗೆ ನೆಟ್ಟಗಿದ್ದರೆ ಸಾಕು, ಉಳಿದದ್ದನ್ನು ಗೇಮೇ ನೋಡಿಕೊಳ್ಳುತ್ತದೆ. ಆದರೆ ನಿಜವಾದ ಹಲಗೆ ಹತ್ತಿ ಮೊಣಕಾಲು ತರಚಿಕೊಂಡ ಹುಡುಗರನ್ನು ಕೇಳಿ. ಹಾರುವುದನ್ನು ಯಾರಾದರೂ ಕಲಿತಾರು, ಕಷ್ಟವೆಲ್ಲ ಇರುವುದು ಇಳಿಯುವುದರಲ್ಲಿ.

2014ರ ಜನವರಿಯಲ್ಲಿ ಲಂಡನ್ನಿನ ರೋಲ್ ಸೆವೆನ್ ಎಂಬ ಪುಟ್ಟ ಸಂಸ್ಥೆ ಸೋನಿಯ ಕೈಯಾಟದ ಯಂತ್ರ ಪಿಎಸ್ ವೀಟಾಗೆ ತಂದ ‘ಓಲಿಓಲಿ’ಗೆ ಈ ಕಷ್ಟ ಅರ್ಥವಾಗಿತ್ತು. ಪಕ್ಕದಿಂದ ಕಾಣುವ ಆಟ, ಹುಡುಗ ಎಡದಿಂದ ಬಲಕ್ಕೆ ಸಾಗುತ್ತಲೇ ಇರುತ್ತಾನೆ. ಮೆಟ್ಟಿಲ ಸಾಲು ಎದುರಾಯಿತೆನ್ನಿ. ಎಡ ಹೆಬ್ಬೆರಳಿನಲ್ಲಿ ಸ್ಟಿಕ್ಕನ್ನು ಕೆಳಕ್ಕೆಳೆದು ಬಿಟ್ಟರೆ ಜಿಗಿತ. ಎಳೆಯುವ ದಿಕ್ಕು ಬದಲಾದರೆ, ಅರ್ಧ ಸುತ್ತು ತಿರುಗಿಸಿ ಬಿಟ್ಟರೆ, ಹಲಗೆ ಗಾಳಿಯಲ್ಲಿ ಬೇರೆ ಬೇರೆ ಪಲ್ಟಿ ಹೊಡೆಯುತ್ತದೆ. ಈಗ ಬಲ ಹೆಬ್ಬೆರಳಿನ ಸರದಿ. ಚಕ್ರ ನೆಲ ಮುಟ್ಟುವುದಕ್ಕೆ ತುಸು ಮೊದಲು ಎಕ್ಸ್ ಬಟನ್ ಒತ್ತಬೇಕು. ಹದವಾಗಿ ಒತ್ತಿದರೆ ‘ಪರ್ಫೆಕ್ಟ್’, ಕೂಡಿಟ್ಟ ಅಂಕವೆಲ್ಲ ನಿಮ್ಮದು. ಒತ್ತಲು ಮರೆತರೆ ‘ಸ್ಲಾಪಿ’. ಹುಡುಗ ಮುಗ್ಗರಿಸಿದರೂ ಬೀಳದೆ ಮುಂದೆ ಹೋಗುತ್ತಾನೆ, ಕೈಗೆ ಬರುವುದು ಮಾತ್ರ ಚಿಲ್ಲರೆ ಅಂಕ.

ಟೋನಿ ಹಾಕ್ ಆಡಿದವರಿಗೆ ಇಲ್ಲೊಂದು ಪೀಕಲಾಟವಿದೆ. ಅಲ್ಲಿ ಎಕ್ಸ್ ಎಂದರೆ ಹಾರು, ಇಲ್ಲಿ ಎಕ್ಸ್ ಎಂದರೆ ಇಳಿ. ವರ್ಷಗಟ್ಟಲೆ ಪಳಗಿದ ಹೆಬ್ಬೆರಳು ಮೆಟ್ಟಿಲು ಕಂಡೊಡನೆ ಅದನ್ನೇ ಅದುಮುತ್ತದೆ, ಹುಡುಗ ಒಮ್ಮೆ ನೆಲ ಒದ್ದು ಇನ್ನಷ್ಟು ವೇಗವಾಗಿ ಹೋಗಿ ಬೀಳುತ್ತಾನೆ! ಕಂಬಿಯ ಮೇಲೆ ಜಾರುವಾಗಲೂ ಸಮಯದ್ದೇ ಆಟ. ಹಲಗೆ ಕಂಬಿಗೆ ತಾಗುವ ಹೊತ್ತಿಗೆ ಸರಿಯಾಗಿ ಸ್ಟಿಕ್ ಎಳೆದರೆ ವೇಗ ಏರುತ್ತದೆ, ತಪ್ಪಿದರೆ ಮುಂದಿನ ಕಂಬಿ ಎಟಕುವುದಿಲ್ಲ. ನೆಲ ಮುಟ್ಟಿದರೆ ಕಸರತ್ತುಗಳ ಸರಪಳಿ, ಅಂದರೆ ಕಾಂಬೊ, ಮುಗಿಯಿತು. ಹಾಗಾಗಿ ಕಂಬಿಯಿಂದ ಕಂಬಿಗೆ ಹಾರುತ್ತ ನೆಲವನ್ನು ಮುಂದೂಡುವುದು ಒಂದು ಆಸೆ, ಇಳಿದು ಅಂಕವನ್ನು ಜೇಬಿಗೆ ಹಾಕಿಕೊಳ್ಳುವುದು ಇನ್ನೊಂದು.

ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಈ ಪಕ್ಕನೋಟ ಹೇಳಿ ಮಾಡಿಸಿದ್ದು. 2001ರಲ್ಲಿ ವೈಕೇರಿಯಸ್ ವಿಷನ್ಸ್‌ನವರು ಟೋನಿ ಹಾಕ್ ಎರಡನೇ ಆಟವನ್ನು ಗೇಮ್ ಬಾಯ್ ಅಡ್ವಾನ್ಸ್‌ಗೆ ಇಳಿಸಿದ್ದು ಸಾಮಾನ್ಯ ಸಾಹಸವಲ್ಲ. ಓರೆಯಾಗಿ ಬರೆದ ಅಂಗಳದ ಮೇಲೆ ಮೂರು ಆಯಾಮದ ಸ್ಕೇಟರನ್ನು ಓಡಿಸಿದ್ದರು. ಕಸುಬಿಗೆ ಕೈಮುಗಿಯೋಣ. ಆದರೆ ಬೆಳಕಿಲ್ಲದ ಆ ಪರದೆಯಲ್ಲಿ ಕಂಬಿ ಮುಂದಿದೆಯೋ ಹಿಂದಿದೆಯೋ ಎಂದು ಕಣ್ಣು ಕಿರಿದು ಮಾಡಿ ಅಂದಾಜಿಸುವುದೇ ಅರ್ಧ ಆಟ. ವೀಟಾದ ಐದಿಂಚಿನ ಓಎಲ್‌ಇಡಿ ಪರದೆಯಲ್ಲಿ ಆ ತಂಟೆಯಿಲ್ಲ. ತಪ್ಪಾದರೆ ಅದು ನಿಮ್ಮ ಹೆಬ್ಬೆರಳಿನದೇ.

ಓಲಿಓಲಿಯ ಅಸಲಿ ಮಜಾ ‘ಡೈಲಿ ಗ್ರೈಂಡ್’. ದಿನಕ್ಕೊಂದು ಜಾಗ ಕೊಡುತ್ತಾರೆ, ಅಭ್ಯಾಸ ಎಷ್ಟು ಬೇಕಾದರೂ ಮಾಡಿ, ಲೆಕ್ಕಕ್ಕೆ ಸಿಗುವ ಅವಕಾಶ ಮಾತ್ರ ಒಂದೇ. ಅಭ್ಯಾಸದಲ್ಲಿ ನೀರು ಕುಡಿದಂತೆ ಬಂದದ್ದು ಆ ಒಂದು ಓಟದಲ್ಲಿ ಮೊದಲ ಕಂಬಿಗೇ ಕೈಕೊಡುತ್ತದೆ.

ಆಟಕ್ಕೆ 2015ರಲ್ಲಿ ಬಾಫ್ಟಾ ಪ್ರಶಸ್ತಿ ಬಂತು. ಅದೇ ವರ್ಷ ಬಂದ ಆಟದ ಎರಡನೇ ಭಾಗ, ಇಳಿದ ಮೇಲೂ ಎರಡೇ ಚಕ್ರದ ಮೇಲೆ ಸಾಗಿ ಕಾಂಬೊ ಉಳಿಸಿಕೊಳ್ಳುವ ‘ಮ್ಯಾನುಯಲ್’ ಸೇರಿಸಿತು. ಕಾಂಬೊ ಉದ್ದವಾಯಿತು, ನೆಲದ ಭಯ ತೆಳುವಾಯಿತು. 2022ರ ‘ಓಲಿಓಲಿ ವರ್ಲ್ಡ್’ ಬಣ್ಣ ಬಣ್ಣದ ಚೆಲುವಿನ ಆಟ. ಆದರೆ ಅಲ್ಲಿ ಮುಗ್ಗರಿಸದೆ ಇಳಿಯಲು ಬಟನ್ ಒತ್ತಲೇಬೇಕೆಂದಿಲ್ಲ, ಒತ್ತಿದರೆ ಹೆಚ್ಚಿನ ಅಂಕ ಅಷ್ಟೆ. ಹೊಸಬರಿಗೆ ಅನುಕೂಲವೇ ಸರಿ, ನನಗೆ ಮಾತ್ರ ಉಪ್ಪಿಲ್ಲದ ಊಟ. 2024ರಲ್ಲಿ ರೋಲ್ ಸೆವೆನ್ ಮುಚ್ಚುವ ಸುದ್ದಿ ಬಂತು.

ವೀಟಾ ಇಲ್ಲದವರು ನಿಂಟೆಂಡೊ ಸ್ವಿಚ್‌ನಲ್ಲಿ 2019ರ ‘ಓಲಿಓಲಿ: ಸ್ವಿಚ್ ಸ್ಟಾನ್ಸ್’ ಹುಡುಕಿ. ಮೊದಲೆರಡು ಆಟಗಳು ಒಟ್ಟಿಗೇ ಇವೆ. ಮೊದಲನೆಯದರಿಂದಲೇ ಶುರುಮಾಡಿ, ಎರಡನೆಯದಕ್ಕೆ ಅವಸರವೇನಿಲ್ಲ.