ದೇವರ ಆಳಿಕೆಯೂ ನಾಡಿನ ಸಂಕಟವೂ

2021ನೆಯ ಇಸವಿಯ ಏಪ್ರಿಲ್ ಮಾಸದ ಅಂತ್ಯದಲ್ಲಿ, ಕೋವಿಡ್ ಹಾವಳಿಯ ನಡುವೆ, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಪ್ರದೇಶದೊಳಗೆ ಗ್ಯಾಸ್ ಕಟಿಂಗಿನ ಕೆಲಸ ಬಹುಮಟ್ಟಿಗೆ ನಿಂತುಹೋಗಿತ್ತು. ಕೆಲವು ಅತ್ಯಾವಶ್ಯಕ ಉದ್ಯಮಗಳ ಹೊರತು ಮಿಕ್ಕ ಕಾರ್ಖಾನೆಗಳಿಗೆ ಆಮ್ಲಜನಕವನ್ನು ಕೊಡಕೂಡದೆಂಬ ಕೇಂದ್ರ ಸರಕಾರದ ಆಜ್ಞೆ ಆ ತಿಂಗಳ 22ರಿಂದ ಜಾರಿಗೆ ಬಂದಿದ್ದಿತು. ಹಿಂದಿನ ವಾರ ಕಬ್ಬಿಣದ ತಗಡನ್ನು ಕೊಯ್ಯುತ್ತಿದ್ದ ಅನಿಲವೇ ಈಗ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಮನುಷ್ಯನ ಉಸಿರನ್ನು ಹಿಡಿದು ನಿಲ್ಲಿಸಬೇಕಾಗಿತ್ತು. ತಾವರೆಕೆರೆಯ ಬಳಿಯ ಗಿಡ್ಡೇನಹಳ್ಳಿಯಲ್ಲಿ ಕಲ್ಲುಗಣಿಯ ಬಯಲನ್ನೇ ಚಿತಾಭೂಮಿಯನ್ನಾಗಿ ಮಾಡಬೇಕಾಗಿ ಬಂದಿತು. ದೇವಾಲಯಗಳು ಮುಚ್ಚಿದ್ದ ಆ ಭಾನುವಾರಗಳಲ್ಲಿ, ವೈಟ್‌ಫೀಲ್ಡಿನ ಬಹುಮಹಡಿ ಮನೆಗಳಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯ ಒಂಟಿ ಕೋಣೆಗಳಲ್ಲಿಯೂ ಮೊಬೈಲಿನ ಮೂಲಕ ಕ್ರೈಸ್ತರು ಕೇಳಿದ ಪ್ರಸಂಗಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಮಾತು, ದೇವರು ಸಿಂಹಾಸನಾರೂಢನಾಗಿದ್ದಾನೆ, ಸಕಲವೂ ಆತನ ಚಿತ್ತದಂತೆಯೇ ನಡೆಯುತ್ತದೆ ಎಂಬುದು.

ಈ ಮಾತನ್ನು ನಾನೂ ನಂಬುತ್ತೇನೆ. ಆದಕಾರಣವೇ, ಇದರ ಹಿಂದಿರುವ ಪರಂಪರೆ ನಮ್ಮ ನಾಡಿನ ಮಹಾಸಂಕಟಗಳಲ್ಲಿ ಎಲ್ಲಿ ನಿಂತಿತು, ಎಲ್ಲಿ ಎಡವಿತು ಎಂಬುದನ್ನು ಮುಲಾಜಿಲ್ಲದೆ ಪರ್ಯಾಲೋಚಿಸುವುದು ಅವಶ್ಯವೆಂದು ತೋರುತ್ತದೆ.

ಅಗಸ್ಟೀನನಿಂದ ಮೊದಲ್ಗೊಂಡು ಅಕ್ವಿನಾಸನ ಮೂಲಕ ಕ್ಯಾಲ್ವಿನನವರೆಗೆ ಬೆಳೆದುಬಂದ ಈ ಸಿದ್ಧಾಂತದ ಸಾರವಿಷ್ಟು: ಜಗತ್ತಿನಲ್ಲಿ ಆಕಸ್ಮಿಕವೆಂಬುದು ಯಾವುದೂ ಇಲ್ಲ; ಆದರೆ ದೇವರು ಮೂಲಕಾರಣನಾಗಿದ್ದುಕೊಂಡು ಪ್ರಕೃತಿ, ಮನುಷ್ಯ, ರಾಜ್ಯ ಮುಂತಾದ ದ್ವಿತೀಯ ಕಾರಣಗಳ ಮುಖಾಂತರ ಕಾರ್ಯ ನಡೆಸುತ್ತಾನಾದ್ದರಿಂದ, ಆ ದ್ವಿತೀಯ ಕಾರಣಗಳ ಹೊಣೆ ಎಳ್ಳಷ್ಟೂ ಕಡಮೆಯಾಗುವುದಿಲ್ಲ. ಕನ್ನಡನಾಡಿಗೆ ಇದು ಎರಡು ಕಾಲುವೆಗಳಲ್ಲಿ ಹರಿದುಬಂದಿತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರದು ಬಹುಪಾಲು ಕ್ಯಾಲ್ವಿನನ ವಂಶ. ಮೈಸೂರು ಸೀಮೆಯಲ್ಲಿ ನೆಲೆಸಿದ ವೆಸ್ಲಿಯನ್ನರದು ಮನುಷ್ಯನ ಸ್ವಾತಂತ್ರ್ಯಕ್ಕೆ ಹೆಚ್ಚು ಎಡೆಗೊಟ್ಟ ಪಂಥ. ಆದಾಗ್ಯೂ ಆ ಪಂಥದ ಮೂಲಪುರುಷನಾದ ವೆಸ್ಲಿಯೇ, 1755ರ ನವೆಂಬರ್ 1ರಂದು ಲಿಸ್ಬನ್ ನಗರ ಭೂಕಂಪದಿಂದ ನೆಲಸಮವಾದಾಗ, ಅದು ದೇವರ ನ್ಯಾಯತೀರ್ಪೆಂದು ಪುಸ್ತಿಕೆ ಬರೆದು ಸಾರಿದನು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡು ಇಂಥ ಹಲವು ಧಾರೆಗಳು ಕೂಡಿದವು. ಸಂಕಟ ಒದಗಿದೊಡನೆ ತೀರ್ಪು ಹೇಳುವ ಅಭ್ಯಾಸವೂ ಅವುಗಳೊಡನೆ ಬಂದಿತೆಂದು ನನ್ನ ಎಣಿಕೆ.

ಈ ಅಭ್ಯಾಸದ ಅಪಾಯವನ್ನು ಅರಿಯಲು ನಮಗೆ ಲಿಸ್ಬನ್ನಿನವರೆಗೆ ಹೋಗುವ ಅಗತ್ಯವಿಲ್ಲ. 1876ರಿಂದ 78ರವರೆಗಿನ ಮಹಾಕ್ಷಾಮವನ್ನು ನೆನೆದರೆ ಸಾಕು. 1871ರ ಜನಗಣತಿಯಲ್ಲಿ 50 ಲಕ್ಷದ 55 ಸಾವಿರವಿದ್ದ ಮೈಸೂರು ಸಂಸ್ಥಾನದ ಪ್ರಜೆಗಳು 1881ರಲ್ಲಿ 41 ಲಕ್ಷದ 86 ಸಾವಿರಕ್ಕೆ ಇಳಿದಿದ್ದರು. ಮಳೆ ಹೋದದ್ದು ನಿಜ. ಅದನ್ನು ದೇವರ ಕೈಯೆಂದು ಕರೆಯುವವರು ಕರೆಯಲಿ. ಆದರೆ ದೇಶದ ಧಾನ್ಯ ಅದೇ ಕಾಲದಲ್ಲಿ ಹಡಗುಗಳಲ್ಲಿ ಪರದೇಶಕ್ಕೆ ಹೋಗುತ್ತಿದ್ದುದೂ, ಬಳ್ಳಾರಿಯನ್ನೊಳಗೊಂಡ ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಹೊರುವ ಕೂಲಿಯವನ ದಿನದ ಧಾನ್ಯವನ್ನು ಸರಕಾರದ ಕ್ಷಾಮ ಪ್ರತಿನಿಧಿಯಾಗಿದ್ದ ಸರ್ ರಿಚರ್ಡ್ ಟೆಂಪಲನು ಒಂದು ಪೌಂಡಿಗೆ ಇಳಿಸಿದುದೂ ಅಷ್ಟೇ ನಿಜ. ಹಸಿದ ಮಕ್ಕಳಿಗಾಗಿ ಅನಾಥಾಲಯಗಳನ್ನು ತೆರೆದ ಮಿಷನರಿಗಳ ಕರುಣೆಯನ್ನು ನಾನು ಕೃತಜ್ಞತೆಯಿಂದಲೇ ಸ್ಮರಿಸುತ್ತೇನೆ. ಕರ್ನಾಟಕದ ಕ್ರೈಸ್ತ ಮನೆತನಗಳಲ್ಲಿ ಕೆಲವುಗಳ ಬೇರು ಆ ಅನಾಥಾಲಯಗಳಲ್ಲಿಯೇ ಇದೆ. ಆದರೆ ಕ್ಷಾಮವನ್ನು ಸುವಾರ್ತೆಗೆ ತೆರೆದ ಬಾಗಿಲೆಂದು ಎಣಿಸಿದವರಿಗೆ, ಆ ಬಾಗಿಲಾಚೆ ಬಿದ್ದಿದ್ದ ಲಕ್ಷಾಂತರ ಹೆಣಗಳ ವಿಷಯದಲ್ಲಿ ದ್ವಿತೀಯ ಕಾರಣಗಳ ಸಿದ್ಧಾಂತ ಸಮಯಕ್ಕೆ ನೆನಪಾಗಲಿಲ್ಲ. ಪುಸ್ತಕದಲ್ಲಿದ್ದ ಸಿದ್ಧಾಂತ ನಾಲಗೆಗೆ ಬರುವ ವೇಳೆಗೆ ಅರ್ಧವಾಗಿ, ಆಳುವವರ ಲೆಕ್ಕವನ್ನು ಕೇಳದೆ ದೇವರೊಬ್ಬನನ್ನೇ ಉಳಿಸಿಕೊಂಡಿತು.

ಕೋವಿಡ್ ಕಾಲದ ಪ್ರಸಂಗಗಳಲ್ಲಿಯೂ ಈ ಅರ್ಧತನವೇ ಕಾಣಿಸಿತು. ದೇಶದ ಪಾಪಕ್ಕೆ ಇದು ಶಿಕ್ಷೆಯೆಂದವರುಂಟು. ದೇವರು ಹೂವನ್ನು ಕೊಯ್ದುಕೊಂಡನೆಂದು ವಿಧವೆಯನ್ನು ಸಂತೈಸಹೋದವರುಂಟು. ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯವನ್ನು ಇವರು ಓದದೆ ಬಿಟ್ಟಿರಲಾರರು. ಸಿಲೋವದಲ್ಲಿ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಯೆರೂಸಲೇಮಿನ ಮಿಕ್ಕವರಿಗಿಂತ ಹೆಚ್ಚಿನ ಪಾಪಿಗಳೇ ಎಂಬ ಪ್ರಶ್ನೆಯನ್ನು ಯೇಸು ತಾನೇ ಎತ್ತಿ, ಅಲ್ಲವೆಂದು ಖಂಡಿತವಾಗಿ ಹೇಳಿ, ಕೇಳುತ್ತಿದ್ದವರನ್ನೇ ಪಶ್ಚಾತ್ತಾಪಕ್ಕೆ ಕರೆದನು. ಕಟ್ಟುತ್ತಿರುವ ಕಟ್ಟಡ ಕುಸಿದು ವಲಸೆ ಕಾರ್ಮಿಕರು ಸಾಯುವ ಸುದ್ದಿ ಅಪರೂಪವಲ್ಲದ ಈ ನಗರದಲ್ಲಿ, ಈ ವಾಕ್ಯಭಾಗಕ್ಕಿಂತ ಸಮೀಪದ್ದು ಬೇರೊಂದಿಲ್ಲ. ಸತ್ತವರ ಮೇಲೆ ತೀರ್ಪು ಹೇಳುವ ಅಧಿಕಾರವನ್ನು ಅದು ಯಾರಿಗೂ ಕೊಡುವುದಿಲ್ಲ. ಬದುಕಿ ಉಳಿದವರು ತಮ್ಮನ್ನು ಪರೀಕ್ಷಿಸಿಕೊಳ್ಳಲಿ ಎನ್ನುತ್ತದೆ.

ಪರಂಪರೆಯೊಳಗೆ ಇದಕ್ಕಿಂತ ಮೇಲಾದ ಮಾದರಿಗಳಿಲ್ಲವೆಂದಲ್ಲ. 1527ರಲ್ಲಿ ವಿಟ್ಟೆನ್‌ಬರ್ಗಿಗೆ ಪ್ಲೇಗು ಬಂದಾಗ ಲೂಥರನು, ಎಲ್ಲವೂ ದೇವರ ಅಧೀನವೆಂದು ನಂಬಿಯೂ, ಮನೆಗೆ ಧೂಪ ಹಾಕಬೇಕು, ಔಷಧವನ್ನು ಕೊಡಬೇಕು, ತಾನೂ ತೆಗೆದುಕೊಳ್ಳಬೇಕು, ಅನವಶ್ಯಕವಾಗಿ ಜನ ಸೇರಿದಲ್ಲಿಗೆ ಹೋಗಕೂಡದು ಎಂದು ಬರೆದನು. ಉಪಾಯಗಳನ್ನು ತಿರಸ್ಕರಿಸುವುದು ವಿಶ್ವಾಸವಲ್ಲ, ದೇವರನ್ನು ಪರೀಕ್ಷಿಸುವುದು ಎಂಬುದು ಆತನ ಅಭಿಪ್ರಾಯ. ಈ ದೃಷ್ಟಿಯಿಂದ ನೋಡಿದರೆ ಪೀಣ್ಯದ ಆ ಆಮ್ಲಜನಕದ ಸಿಲಿಂಡರು ದೈವಶಾಸ್ತ್ರದ ಹೊರಗಿನ ವಸ್ತುವಲ್ಲ. ಅದು ಯಾವ ಲಾರಿಯಲ್ಲಿ, ಯಾರ ರುಜುವಿನಿಂದ, ಎಷ್ಟು ತಡವಾಗಿ ಹೊರಟಿತೆಂಬುದು ದೇವರ ಆಳಿಕೆಯನ್ನು ನಂಬುವವನು ಕೇಳಲೇಬೇಕಾದ ಪ್ರಶ್ನೆ. 2021ರ ಮೇ ತಿಂಗಳ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ರೋಗಿಗಳು ತೀರಿಕೊಂಡಾಗ, ಅದನ್ನು ಕರ್ತನ ಚಿತ್ತವೆಂದು ಹೇಳಿ ಕೈತೊಳೆದುಕೊಳ್ಳುವುದು ಪಿಲಾತನ ಕೆಲಸವೇ ಹೊರತು ಶಿಷ್ಯನ ಕೆಲಸವಲ್ಲ.

ಈ ಸಿಂಹಾಸನದ ದೈವಶಾಸ್ತ್ರಕ್ಕೆ ಪ್ರತಿಯಾಗಿ ಬೆಂಗಳೂರಿನಲ್ಲಿಯೇ ಇನ್ನೊಂದು ಧ್ವನಿ ಹುಟ್ಟಿತು. 1981ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲರು ಶೂದ್ರ ದೈವಶಾಸ್ತ್ರವನ್ನು ಕುರಿತು ಮಾಡಿದ ಭಾಷಣದಿಂದ ಮುಂದೆ ದಲಿತ ದೈವಶಾಸ್ತ್ರವೆಂಬ ಪಂಥವೇ ಬೆಳೆಯಿತು. ಸೇವಕನಾದ ದೇವರು, ಶಿಲುಬೆಯ ಮೇಲೆ ತುಳಿತಕ್ಕೊಳಗಾದವರೊಡನೆ ನೋಯುವ ದೇವರು ಎಂಬ ಅದರ ದರ್ಶನ ಭಾರತೀಯ ಕ್ರೈಸ್ತ ಚಿಂತನೆಯ ಅಮೂಲ್ಯ ಸಂಪತ್ತು. 2020ರ ಬೇಸಿಗೆಯಲ್ಲಿ ಈ ನಗರವನ್ನು ಕಟ್ಟಿದ ಕೂಲಿಗಳು ಗಂಟುಮೂಟೆ ಹೊತ್ತು ಉತ್ತರದ ಕಡೆಗೆ ನಡೆದುಹೋದಾಗ, ಆ ದೇವರ ಮುಖ ಸಿಂಹಾಸನದ ಪ್ರಸಂಗಗಳಲ್ಲಿ ಕಾಣದಷ್ಟು ಸ್ಪಷ್ಟವಾಗಿ ಆ ರಸ್ತೆಗಳಲ್ಲಿ ಕಂಡಿತು.

ಹೀಗಿದ್ದರೂ ನನ್ನದೊಂದು ತಕರಾರಿದೆ. ಈ ಪಂಥದ ಕೆಲವರು, ನೋಯುವ ದೇವರನ್ನು ಉಳಿಸಿಕೊಳ್ಳುವ ಭರದಲ್ಲಿ ಆಳುವ ದೇವರನ್ನು ಬಿಟ್ಟುಕೊಡುತ್ತಾರೆ. ಆಳದ ದೇವರ ಮೇಲೆ ದೂರು ಹೇಳುವುದೆಂತು? ಯೋಬನು ವ್ಯಾಜ್ಯ ಹೂಡಿದ್ದು, ಹಬಕ್ಕೂಕನು ಎಷ್ಟು ಕಾಲವೆಂದು ಕೂಗಿದ್ದು, ಹಾಳಾದ ಯೆರೂಸಲೇಮಿಗಾಗಿ ಪ್ರಲಾಪಗಳ ಕವಿ ಅತ್ತದ್ದು, ಇವೆಲ್ಲವೂ ದೇವರು ಸರ್ವಾಧಿಕಾರಿಯೆಂಬ ನಂಬಿಕೆಯ ಬಲದಿಂದಲೇ. ಸಾರ್ವಭೌಮತ್ವದ ಸಿದ್ಧಾಂತ ವೇದಗ್ರಂಥದಲ್ಲಿ ಎಲ್ಲಕ್ಕಿಂತ ಸತ್ಯವಾಗಿ ನುಡಿಯುವುದು ನೊಂದವನು ದೇವರಿಗೆ ಇಡುವ ಮೊರೆಯಲ್ಲಿ. ನೋಯದವನು ನೊಂದವನಿಗೆ ಕೊಡುವ ವಿವರಣೆಯ ರೂಪ ತಾಳಿದೊಡನೆ ಅದು ಕ್ರೂರವಾಗುತ್ತದೆ. ಯೋಬನ ಸ್ನೇಹಿತರು ಹೇಳಿದ ಮಾತುಗಳಲ್ಲಿ ಅನೇಕವು ಸಿದ್ಧಾಂತರೀತ್ಯಾ ಸರಿಯಾಗಿಯೇ ಇದ್ದವು. ಕಡೆಯಲ್ಲಿ ದೇವರು ಕೋಪಿಸಿಕೊಂಡದ್ದು ಅವರ ಮೇಲೆಯೇ.

ನಮ್ಮ ಸಭೆಗಳ ಭಾನುವಾರದ ಆರಾಧನೆಯಲ್ಲಿ ಸ್ತುತಿಗೀತೆಗಳು ಹೆಚ್ಚಿ, ಪ್ರಲಾಪದ ಕೀರ್ತನೆಗಳು ಬಹುಪಾಲು ಮರೆಯಾಗಿವೆ. ವೈಟ್‌ಫೀಲ್ಡಿನಲ್ಲಿಯೂ ಪೀಣ್ಯದಲ್ಲಿಯೂ ಪೀಠವನ್ನೇರುವ ಸಭಾಪಾಲಕರಲ್ಲಿ ನನ್ನ ವಿನಂತಿಯಿಷ್ಟೆ: ಆ ಕೀರ್ತನೆಗಳನ್ನು ಮರಳಿ ತನ್ನಿ, ಸತ್ತವರ ಹೆಸರುಗಳನ್ನು ಆರಾಧನೆಯಲ್ಲಿ ಓದಿಸಿ, ಲೆಕ್ಕ ಕೊಡಬೇಕಾದವರಿಂದ ಲೆಕ್ಕವನ್ನು ಕೇಳಿ, ಮತ್ತೊಂದು ದುರಂತ ಒದಗಿದಲ್ಲಿ, ಯೋಬನ ಸ್ನೇಹಿತರು ಮೊದಲ ಏಳು ದಿನ ಮಾಡಿದಂತೆ, ನೊಂದವರ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ.